ಶಂಕ್ರವ್ವ ಹತ್ತಿದ ಮಷೀನು

ನಿವೃತ್ತಿಯ ದಿನ ನನಗೆ ಒಂದು ಶಾಲು, ಒಂದು ಬುಟ್ಟಿ ಹಣ್ಣು ಮತ್ತು ಒಂದು ಹಳೆಯ ತೂಕದ ಮಷೀನು ಕೊಟ್ಟರು. ಶಾಲು ತೆಳ್ಳಗಿತ್ತು, ಸೇಬು ಮೆತ್ತಗಿದ್ದವು, ಮಷೀನಿನ ಒಂದು ಮೂಲೆ ಒಡೆದಿತ್ತು. ‘ಇಷ್ಟು ವರ್ಷ ದುಡಿದಿದ್ದಕ್ಕ ಒಡಕ ಮಷೀನ್ ಏನವಾ?’ ಎಂದು ನನ್ನ ತಂಗಿ ಸಭೆಯಲ್ಲೇ ಮೂಗು ಮುರಿದಳು. ಶಾಲು, ಹಣ್ಣು ಎರಡನ್ನೂ ಅವಳಿಗೇ ಕೊಟ್ಟೆ. ಮಷೀನು ಮಾತ್ರ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ಓದಲಿ. ತರಬೇತಿಯಲ್ಲಿ ನಿಮಗೆ ಒಳ್ಳೊಳ್ಳೆಯ ಚಿತ್ರ ತೋರಿಸುತ್ತಾರೆ. ನಡುವೆ ಒಂದು ಕೆಂಪು ಗುಂಡಿಗೆ, ಸುತ್ತಲೂ ಬಾಣಗಳು, ಬಾಣದ ತುದಿಗೆ ನಗುವ ಮುದುಕ ಮುದುಕಿ. ಆ ಮುದುಕ ಮುದುಕಿಯರನ್ನು ಹುಡುಕುತ್ತ ನಾನು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕು ತಿರುಗಿದ್ದೇನೆ. ಎಲ್ಲಿಯೂ ಸಿಗಲಿಲ್ಲ. ನಿಮಗೆ ಸಿಕ್ಕರೆ ದಯವಿಟ್ಟು ನನಗೂ ತಿಳಿಸಿ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ನಾನು ನರ್ಸು, ನಮ್ಮ ಕಡೆಯ ಮಾತಿನಲ್ಲಿ ಬಾಯಾರು. ಕೊನೆಯ ವರ್ಷಗಳಲ್ಲಿ, ಹೃದಯ ಸೋತವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಒಂದು ಸಂಸ್ಥೆಯ ಯೋಜನೆಯಲ್ಲಿದ್ದೆ. ಗುಂಡಿಗೆ ರಕ್ತವನ್ನು ಸರಿಯಾಗಿ ತಳ್ಳದಿದ್ದರೆ ಮೈಯಲ್ಲಿ ನೀರು ನಿಲ್ಲುತ್ತದೆ. ಮೊದಲು ಕಾಲಿಗೆ, ಆಮೇಲೆ ಹೊಟ್ಟೆಗೆ, ಕೊನೆಗೆ ಉಸಿರಿಗೆ. ಬಾವು ಕಣ್ಣಿಗೆ ಕಾಣುವ ಮೊದಲೇ ತೂಕ ಏರುತ್ತದೆ. ಅದಕ್ಕೇ ದಿನಾ ಬೆಳಗ್ಗೆ ಎದ್ದು, ಬಾಯಿಗೆ ಏನೂ ಹಾಕಿಕೊಳ್ಳುವ ಮುಂಚೆ, ತೂಕದ ಮಷೀನು ಹತ್ತಿ ನಿಲ್ಲಬೇಕು. ಅಂಕಿ ಫೋನಿನ ಮೂಲಕ ತಾನೇ ನಮ್ಮ ಕಚೇರಿಗೆ ಬರುತ್ತದೆ. ಎರಡು ಮೂರು ದಿನದಲ್ಲಿ ತೂಕ ಏರಿತೆಂದರೆ ಡಾಕ್ಟರಿಗೆ ಹೇಳಿ ಮೈಯ ನೀರು ಇಳಿಸುವ ಗುಳಿಗೆ ಹೆಚ್ಚು ಮಾಡುತ್ತೇವೆ, ಮನುಷ್ಯ ಉಳಿಯುತ್ತಾನೆ. ಇಷ್ಟೇ. ಹಂಸಭಾವಿಯಲ್ಲಿ ರೊಟ್ಟಿ ಬಡಿದು ಮಾರುವ ಶಂಕ್ರವ್ವನಿಗೆ ಇದು ಒಂದೇ ಸಂಜೆಯಲ್ಲಿ ತಿಳಿಯಿತು. ನಮ್ಮ ಮೇಲಿನವರಿಗೆ ನಾನು ನಿವೃತ್ತಳಾಗುವ ತನಕ ಪೂರ್ತಿ ತಿಳಿದಿರಲಿಲ್ಲ.

ಪಾಪ, ಅವರಿಗೆ ಬೇರೆ ಚಿಂತೆ ಇತ್ತು. ಯೋಜನೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ರೋಗಿ ನಿಲ್ಲುವುದು ಎರಡನೆಯ ಮಾತು. ದಾನಿಗಳ ಹಣ ನಿಲ್ಲುತ್ತಲೇ ಬೆಂಗಳೂರಿನಿಂದ ಒಬ್ಬ ಸಾಹೇಬರು ಬಂದರು. ವಯಸ್ಸು ಸಣ್ಣದು, ಲ್ಯಾಪ್‌ಟಾಪು ದೊಡ್ಡದು. ಬಂದಾಗಲೆಲ್ಲ ಒಂದು ಹೊಸ ಬಿಸಿನೆಸ್ ಮಾಡೆಲ್ ಹೊತ್ತು ತರುತ್ತಿದ್ದರು. ಹಾಗಾಗಿ ನಾವು ಅವರಿಗೆ ಮಾಡೆಲ್ ಸಾಹೇಬರು ಎಂದೇ ಹೆಸರಿಟ್ಟೆವು. ಮನುಷ್ಯ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಒಂದು ಸಲ ಬಾಯಿ ತುಂಬ ಬೈದು ಹಗುರಾಗಬಹುದಿತ್ತು.

ಅವರ ಮೊದಲನೆಯ ಮಾಡೆಲ್ಲಿನಲ್ಲಿ ನರ್ಸಿನ ಖರ್ಚು ಉಳಿಸುವ ಉಪಾಯವಿತ್ತು. ಅಂಕಿ ನೋಡಲು ನರ್ಸು ಬೇಡ, ದಿನಾ ಬೆಳಗ್ಗೆ ರೋಗಿಯ ಫೋನಿಗೆ ಒಂದು ಮುದ್ರಿತ ದನಿ ಹೋಗುತ್ತದೆ. ‘ನೀವು ಆರಾಮವಾಗಿದ್ದರೆ ಒಂದನ್ನು ಒತ್ತಿ, ತೊಂದರೆ ಇದ್ದರೆ ಎರಡನ್ನು ಒತ್ತಿ.’ ಎಲ್ಲರೂ ಒಂದನ್ನೇ ಒತ್ತಿದರು. ನಮ್ಮ ಕಡೆಯ ಮನುಷ್ಯ ಬೆಳಗಾಗೆದ್ದು, ಗುರುತಿಲ್ಲದ ಹೆಣ್ಣುದನಿಯ ಮುಂದೆ ನನಗೆ ಸಂಕಟ ಅಂತ ಹೇಳುತ್ತಾನೇನು? ಹೆಣ ಹೊತ್ತುಕೊಂಡು ಹೋಗುವವನನ್ನು ನಿಲ್ಲಿಸಿ ಕೇಳಿದರೂ ‘ಆರಾಮ್ರಿ, ನೀವು?’ ಅನ್ನುತ್ತಾನೆ. ಮಾಡೆಲ್ ಸಾಹೇಬರು ಇದನ್ನು ಪರದೆಯ ಮೇಲೆ ತೋರಿಸಿ, ಇಷ್ಟು ಸಂತೃಪ್ತ ರೋಗಿಗಳನ್ನು ತಾವು ರಾಜ್ಯದಲ್ಲೇ ಕಂಡಿಲ್ಲ ಎಂದರು. ನಾವು ಚಪ್ಪಾಳೆ ತಟ್ಟಿದೆವು. ಚಹಾ ಬರುವುದಿತ್ತು.

ಅದೇ ವಾರ ಸವಣೂರಿಗೆ ಹೋಗಿದ್ದೆ. ಖಾಜಾಸಾಬರದು ವೀಳ್ಯದೆಲೆ ವ್ಯಾಪಾರ. ಪರದೆಯ ಮೇಲೆ ದಿನಾ ತಪ್ಪದೆ ಆರಾಮ. ಬಾಗಿಲಲ್ಲಿ ನನ್ನನ್ನು ಕಂಡವರೇ ಏಳಲು ಹೋದರು, ಏಳಲು ಆಗಲಿಲ್ಲ.

‘ಬರ್ರಿ ಬಾಯಾರ, ಕುಂದರ್ರಿ. ಪಾನ್ ಹಾಕ್ಕೋತೀರೇನು?’

‘ಪಾನ್ ಇರ್ಲಿ ಭಾಯ್. ಹೆಂಗದೀರಿ?’

‘ಅಲ್ಲಾನ ದಯಾ. ಆರಾಮ್ರಿ.’ ಈ ಎರಡು ಮಾತು ಆಡುವಷ್ಟರಲ್ಲಿ ಎರಡು ಸಲ ಉಸಿರು ಎಳೆದುಕೊಂಡರು.

‘ರಾತ್ರಿ ಎಷ್ಟು ದಿಂಬು ಇಟಗೊಂಡು ಮಲಗಿದ್ರಿ?’

‘ದಿಂಬು ಎಲ್ಲೀದ್ರಿ, ಗ್ವಾಡಿಗೆ ಒರಗಿ ಕುಂತಿದ್ದೆ. ಮಲಗಿದ್ರ ಉಸಿರಽ ಬರೂದಿಲ್ಲಲ್ಲ.’

‘ಮತ್ತ ಆರಾಮ ಅಂತ ಯಾಕ ಒತ್ತಿದ್ರಿ?’

‘ಕುಂತ್ರ ಆರಾಮ ಐತ್ರಿ’ ಎಂದರು. ಅವರ ಮುಖದಲ್ಲಿ ಬಾಯಾರಿಗೆ ಬೇಜಾರು ಮಾಡಿಬಿಟ್ಟೆನೇನೋ ಎನ್ನುವ ಸಂಕೋಚ.

ಅವತ್ತೇ ಅವರನ್ನು ಆಸ್ಪತ್ರೆಗೆ ಸೇರಿಸಿದೆ, ಬದುಕಿದರು. ಮಕ್ಕಳೇ, ಇದೊಂದನ್ನು ಬರೆದಿಟ್ಟುಕೊಳ್ಳಿ. ಆರಾಮ ಅದೀರೇನು ಅಂತ ಯಾವತ್ತೂ ಕೇಳಬೇಡಿ. ದಿಂಬು ಕೇಳಿ. ಚಪ್ಪಲಿ ಬಿಗಿಯಾಗಿದೆಯಾ ಕೇಳಿ. ಆರಾಮ ಎನ್ನುವುದು ನಮ್ಮಲ್ಲಿ ಮರ್ಯಾದೆ, ಆರೋಗ್ಯ ಅಲ್ಲ.

ಎರಡನೆಯ ಮಾಡೆಲ್ಲು ತಿಂಗಳ ಚಂದಾ. ಜಡ್ಡು ಇದ್ದಾಗ ಎಲ್ಲರೂ ಕೊಟ್ಟರು. ಆರಾಮಾದ ಕೂಡಲೇ, ‘ಈಗೇನೂ ಇಲ್ಲಲ್ರಿ, ಯಾವುದಕ್ಕ ಕೊಡೂದು?’ ಎಂದು ಕೇಳಿದರು. ಏನೂ ಆಗದಿರಲಿ ಎಂದೇ ಕೊಡುವುದು ಅಂತ ನಾನು ಹೇಳಿದರೆ, ಕಳ್ಳ ಬರದಿದ್ದ ರಾತ್ರಿಗೂ ಕಾವಲುಗಾರನಿಗೆ ಕೂಲಿಯೇ ಎನ್ನುವ ಹಾಗೆ ನನ್ನ ಮುಖ ನೋಡುತ್ತಿದ್ದರು. ಚಂದಾ ಕೊಟ್ಟವರು ಮತ್ತೊಂದು ಬಗೆ. ದುಡ್ಡು ಕೊಟ್ಟಿದ್ದೇವೆ, ಮಷೀನನ್ನು ಪೂರಾ ಬಳಸಿಕೊಳ್ಳೋಣ ಎಂದು ಓಣಿಯವರನ್ನೆಲ್ಲ ಕರೆದು ಹತ್ತಿಸುತ್ತಿದ್ದರು.

ಶಿಗ್ಗಾಂವಿಯ ಪಾರವ್ವನ ತೂಕ ಮಾತ್ರ ನಿಧಾನವಾಗಿ, ಬಿಡದೆ ಏರುತ್ತಿತ್ತು. ಕಚೇರಿಯವರು ಹೆದರಿ ಗುಳಿಗೆ ಹೆಚ್ಚಿಸಿದರು. ಮತ್ತೂ ಏರಿತು. ಮುದುಕಿಯ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು, ತೂಕ ಇಳಿಯಲೊಲ್ಲದು. ಒಂದು ಬೆಳಗ್ಗೆ ನಾನೇ ಹೋಗಿ ಕುಳಿತೆ. ಪಾರವ್ವ ಸೊಂಟದ ಮೇಲೆ ಮೊಮ್ಮಗನನ್ನು ಎತ್ತಿಕೊಂಡು ಬಂದು, ಮಷೀನು ಹತ್ತಿ, ಗಂಭೀರವಾಗಿ ನಿಂತಳು.

‘ಕೂಸಿನ್ನ ಇಳಸವಾ ಪಾರವ್ವಾ!’

‘ಇಳಿಸಿದ್ರ ಅಳತೈತ್ರಿ ಬಾಯಾರ. ದಿನಾ ಹಿಂಗಽ ಹತ್ತತೇನಿ.’

ಬೆಳೆಯುತ್ತಿದ್ದದ್ದು ಮೊಮ್ಮಗ. ಹಾಲು ಕುಡಿದವನು ಅವನು, ಗುಳಿಗೆ ನುಂಗಿದವಳು ಇವಳು. ನಾನು ಅಲ್ಲೇ ಡಾಕ್ಟರಿಗೆ ಫೋನು ಮಾಡಿ ಗುಳಿಗೆ ಇಳಿಸಿದೆ. ಮಾಡೆಲ್ ಸಾಹೇಬರಿಗೆ ವರದಿ ಕೊಟ್ಟಾಗ ಅವರು ಬಹಳ ಹೊತ್ತು ಯೋಚಿಸಿ, ಮೊಮ್ಮಕ್ಕಳನ್ನೂ ಕಡಿಮೆ ದರದಲ್ಲಿ ಯೋಜನೆಗೆ ಸೇರಿಸಿಕೊಳ್ಳಬಹುದೇ ಎಂದು ಕೇಳಿದರು.

ಇನ್ನು ಮೂರನೆಯದಕ್ಕೆ ಬರುತ್ತೇನೆ. ಶಂಕ್ರವ್ವನ ಜೀವದ ಮೇಲೆ ಬಂದದ್ದು ಇದೇ.

ಲೆಕ್ಕ ಬಲು ಚೆಂದ ಇತ್ತು. ಹೊಸ ಮಷೀನು ಕೊಳ್ಳುವುದೇ ಬೇಡ. ಒಬ್ಬ ರೋಗಿಯ ಮನೆಯಲ್ಲಿ ‘ಸೇವೆ ಮುಗಿದ’ ಮೇಲೆ ಮಷೀನನ್ನು ತಂದು ಒರೆಸಿ ಮುಂದಿನವನಿಗೆ ಬಾಡಿಗೆಗೆ ಕೊಡುವುದು. ಸೇವೆ ಮುಗಿಯುವುದು ಎಂದರೆ ಏನು ಎಂದು ನೀವು ಊಹಿಸಿರಬೇಕು. ನಮ್ಮ ಜನವೂ ಊಹಿಸಿದರು. ಮಷೀನು ಹಿಡಿದು ಯಾವ ಮನೆಗೆ ಹೋದರೂ ಮೊದಲನೆಯ ಪ್ರಶ್ನೆ ಒಂದೇ.

‘ಇದು ಯಾರ ಮನ್ಯಾಗಿಂದು ಬಂತ್ರಿ? ಅವರು ಅದಾರೇನು?’

ಆಡೂರಿನ ಒಬ್ಬ ಹಿರಿಯರಂತೂ ಮಷೀನನ್ನು ಕಟ್ಟೆಯ ಮೇಲೂ ಇಡಗೊಡಲಿಲ್ಲ. ಔಷಧ ಹೊಡೆದು ಸ್ವಚ್ಛ ಮಾಡಿದ್ದೇವೆ ಎಂದೆ. ‘ಔಷಧ ಹೊಡದ್ರ ಹುಳ ಸಾಯ್ತಾವ್ರಿ, ಸೂತಕ ಸಾಯತೈತೇನು?’ ಎಂದರು. ಕಚೇರಿಯ ಮೂಲೆಯಲ್ಲಿ ಸತ್ತವರ ಮನೆಯ ಮಷೀನುಗಳು ಒಂದರ ಮೇಲೊಂದು ಏರಿದವು. ಅವುಗಳನ್ನು ಒರೆಸಲು ನಮ್ಮ ಕಸ ಗುಡಿಸುವಾಕೆಯೂ ಒಲ್ಲೆ ಎಂದಳು. ಸಾಹೇಬರ ಲೆಕ್ಕದಲ್ಲಿ ಸೂತಕಕ್ಕೆ ಕಾಲಮ್ಮು ಇರಲಿಲ್ಲ.

ಆದರೆ ಜನ ತಾವೇ ಬಾಯಿಬಿಟ್ಟು ಬೇಡುವ ಮಷೀನೂ ಒಂದಿತ್ತು. ಅದು ಶಂಕ್ರವ್ವನದು.

ಶಂಕ್ರವ್ವನನ್ನು ದೊಡ್ಡಾಸ್ಪತ್ರೆಯವರು ‘ಇನ್ನು ಮನೆಗೆ ಒಯ್ರಿ’ ಎಂದು ಕಳಿಸಿದ್ದರು. ಅದನ್ನು ಯಾವ ದನಿಯಲ್ಲಿ ಹೇಳುತ್ತಾರೆ ಎನ್ನುವುದು ನಮಗೆಲ್ಲ ಗೊತ್ತು. ಮನೆಯಲ್ಲಿ ಆಕೆ, ಸೊಸೆ ನೀಲವ್ವ ಮತ್ತು ಒಂದು ಒಲೆ. ಆಕೆ ಒಲೆ ಮುಂದೆ ಕೂತು ಮತ್ತೆ ರೊಟ್ಟಿ ಬಡಿದಳು. ದಿನಾ ಬೆಳಗ್ಗೆ ಮಷೀನು ಹತ್ತಿದಳು. ಉಪ್ಪು ಬಿಟ್ಟಳು. ಅಂಕಿ ಒಂದಿಷ್ಟು ಏರಿದರೂ ನನಗೆ ಆಕೆಯದೇ ಫೋನು. ‘ಬಾಯಾರ, ಇವತ್ತ ಜರಾ ಭಾರ ಆಗೇನಿ ನೋಡ್ರಿ.’ ಹೀಗೆ ವರ್ಷಗಟ್ಟಲೆ ನಡೆಯಿತು. ಡಾಕ್ಟರು ಕೈಬಿಟ್ಟ ಹೆಂಗಸು ದಿನಾ ರೊಟ್ಟಿ ಬಡಿಯುತ್ತಿದ್ದಾಳೆ ಎಂದರೆ ಸುತ್ತಿನ ಹಳ್ಳಿಯವರು ಸುಮ್ಮನೆ ಬಿಡುತ್ತಾರೆಯೇ? ‘ಆ ಮಷೀನಿನ ಕೈಗುಣ ಛಲೋ ಐತಿ’ ಎಂದು ಸುದ್ದಿ ಹಬ್ಬಿಸಿದರು. ಗುಳಿಗೆ ತಪ್ಪಿಸದ ಶಂಕ್ರವ್ವನಿಗೂ ಹೆಸರಿಲ್ಲ, ಓಡಾಡಿದ ನನಗೂ ಇಲ್ಲ. ಕೈಯೇ ಇಲ್ಲದ ಮಷೀನಿಗೆ ಕೈಗುಣ!

ಸುದ್ದಿ ಹಾನಗಲ್ಲಿನ ಮಹಾಂತಪ್ಪ ಸಾವಕಾರರ ಕಿವಿಗೆ ಬಿತ್ತು. ಅಕ್ಕಿ ಗಿರಣಿ ಇರುವ ಮನೆ, ಇತ್ತೀಚೆಗೆ ಗುಂಡಿಗೆ ಸೋತಿತ್ತು. ಹೊಸ ಮಷೀನು ಕೊಡುತ್ತೇವೆ ಎಂದರೆ ಬೇಡ, ಹಂಸಭಾವಿಯದೇ ಬೇಕು ಎಂದರು. ವರ್ಷದ ಬಾಡಿಗೆ ಮುಂಗಡ ಕೊಡುತ್ತೇನೆ ಎಂದರು. ಮಾಡೆಲ್ ಸಾಹೇಬರ ಕಣ್ಣು ಹೊಳೆಯಿತು. ತಕ್ಷಣ ಲ್ಯಾಪ್‌ಟಾಪು ತೆರೆದು ನನಗೆ ವಿವರಿಸಿದರು.

‘ನೋಡಿ ಸಿಸ್ಟರ್, ಶಂಕ್ರವ್ವ ಈಗ ಸ್ಟೇಬಲ್. ಸ್ಟೇಬಲ್ ಇರುವವರಿಗೆ ಮಷೀನ್ ಯಾಕೆ?’

‘ಮಷೀನ್ ಇರೋದಕ್ಕ ಸ್ಟೇಬಲ್ ಅದಾಳ್ರಿ ಸರ.’

‘ಅದನ್ನು ಪ್ರೂವ್ ಮಾಡೋದು ಕಷ್ಟ.’

‘ಮಾಡಬಹುದ್ರಿ. ಮಷೀನ್ ಕಸಗೊಳ್ರಿ, ಪ್ರೂವ್ ಆಗತೈತಿ.’

ಸಾಹೇಬರು ನಕ್ಕರು. ಆಕೆಯ ಚಂದಾ ಹೇಗೂ ಸರಿಯಾಗಿ ಬರುತ್ತಿಲ್ಲ, ಬೇರೆ ಮಷೀನು ‘ಪ್ರೊಸೀಜರ್ ಪ್ರಕಾರ’ ಕಳಿಸುತ್ತೇವೆ ಎಂದರು. ಮೂಲೆಯಲ್ಲಿ ಬಿದ್ದಿದ್ದ ಮಷೀನುಗಳಲ್ಲಿ ಒಂದನ್ನು ಈಗಲೇ ಕೊಡಿ ಎಂದೆ. ಅವೆಲ್ಲ ದಾಖಲೆಯಲ್ಲಿ ‘ಬಳಕೆಯಲ್ಲಿವೆ’ ಎಂದು ತೋರಿಸಿಯಾಗಿದೆ, ಮುಟ್ಟುವ ಹಾಗಿಲ್ಲ ಎಂದರು. ಪ್ರೊಸೀಜರ್ ಎಂಬ ಮಾತು ಕೇಳಿದ ಮೇಲೆ ನಮ್ಮ ವೃತ್ತಿಯಲ್ಲಿ ಯಾರೂ ಹಾಗೆ ಕಳಿಸುತ್ತೇವೆಂದ ವಸ್ತುವನ್ನು ಕಣ್ಣಾರೆ ಕಂಡಿಲ್ಲ.

ನಾನು ಹಂಸಭಾವಿಗೆ ಹೋದೆ. ಶಂಕ್ರವ್ವನಿಗೆ ಎಲ್ಲ ಹೇಳಿದೆ, ಕೊಡಬೇಡ ಎಂದೂ ಹೇಳಿದೆ, ನನ್ನ ನೌಕರಿ ನಾನು ನೋಡಿಕೊಳ್ಳುತ್ತೇನೆ ಎಂದೆ. ಆಕೆ ಹಿಟ್ಟಿನ ಕೈ ತೊಳೆದುಕೊಂಡು ಬಂದಳು.

‘ಆ ಸಾವಕಾರಗ ಏನ ಆಗೈತ್ರಿ?’

‘ನಿನಗ ಆಗಿದ್ದ ಅವರಿಗೂ ಆಗೈತಿ.’

‘ಹಂಗಾರ ಒಯ್ರಿ. ಮನ್ಯಾಗ ಇಷ್ಟೆಲ್ಲಾ ಇದ್ದು ನನ್ನ ಒಡಕ ಮಷೀನ್ ಬೇಡ್ತಾನಂದ್ರ ಆ ಮನಷ್ಯಾ ಎಷ್ಟ ಅಂಜಿರಬೇಕು! ನನಗೂ ಮೊದಲ ಹಂಗಽ ಆಗಿತ್ತು.’

‘ನಿಂದೇನವಾ?’

‘ಇನ್ನೊಂದು ಕೊಡ್ತೇನಿ ಅಂದಾರಲ್ರಿ ನಿಮ್ಮ ಸಾಹೇಬ್ರು?’

ಅವರ ಮಾತನ್ನು ನಂಬಿದವಳು ನಾಲ್ಕು ತಾಲ್ಲೂಕಿನಲ್ಲಿ ಆಕೆ ಒಬ್ಬಳೇ. ನೀಲವ್ವ ಅತ್ತೆಯ ಹಿಂದೆ ನಿಂತು ಸೆರಗು ಕಚ್ಚಿಕೊಂಡಿದ್ದಳು. ಖಾಲಿ ಡಬ್ಬಿ ಮನೆಯಿಂದ ಹೊರಗೆ ಹೋಗಬಾರದು ಎಂದು ಮಷೀನಿನ ಪೆಟ್ಟಿಗೆಯಲ್ಲಿ ತಿಂಗಳಗಟ್ಟಲೆ ಕೆಡದ ಕಟಕ ರೊಟ್ಟಿ, ಒಣ ಶೇಂಗಾ ಚಟ್ನಿ ತುಂಬಿ ಕೊಟ್ಟರು. ರೋಗಿಗೆ ಎಂದು ಚಟ್ನಿಗೆ ಉಪ್ಪು ಹಾಕಿರಲಿಲ್ಲ.

ಮಹಾಂತಪ್ಪನವರ ಮನೆಯಲ್ಲಿ ಮಷೀನಿಗೆ ಆದ ಸ್ವಾಗತ ನನಗೆ ಎಲ್ಲಿಯೂ ಆಗಿಲ್ಲ. ಆರತಿ ಎತ್ತಿ ಒಳಗೆ ಕರೆದುಕೊಂಡರು, ಮಷೀನನ್ನು. ನಾನು ಬಾಗಿಲಲ್ಲೇ ನಿಂತಿದ್ದೆ. ದಿನಾ ಹತ್ತುವುದು ಹೇಗೆಂದು ಅವರಿಗೆ ಹೇಳಿಕೊಟ್ಟು, ಎರಡು ಸಲ ಹೇಳಿಸಿ ಬಂದೆ.

ಮರುದಿನ ಕಚೇರಿಗೆ ಅವರ ತೂಕ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಮಾಡಿದರೆ, ‘ಆರಾಮ ಅದೇನ್ರಿ ಬಾಯಾರ, ಮಷೀನ್ ಬಂದ ಮ್ಯಾಲೆ ಭಾಳ ಸಮಾಧಾನ ಐತಿ.’ ಸಾಹೇಬರು ನೆಟ್‌ವರ್ಕ್ ತೊಂದರೆ ಎಂದು ಬರೆದುಕೊಂಡರು. ನಾನು ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಮಷೀನು ದೇವರ ಜಗಲಿಯ ಮೇಲೆ ಕೂತಿದೆ. ಮೂರು ಬೆರಳಿನ ವಿಭೂತಿ, ಮೇಲೊಂದು ಹೂವು, ಮುಂದೆ ದೀಪ. ಮಹಾಂತಪ್ಪನವರು ದಿನಾ ಅದಕ್ಕೆ ಕೈಮುಗಿದು ಗಿರಣಿಗೆ ಹೋಗುತ್ತಿದ್ದರು.

‘ಸಾವಕಾರ್ರ, ಹತ್ತೂದಿಲ್ಲೇನ್ರಿ ಇದನ್ನ?’

ಅವರು ಗಾಬರಿಯಾಗಿ ನಾಲಿಗೆ ಕಚ್ಚಿಕೊಂಡರು. ‘ಪೂಜಾ ಮಾಡಿದ್ದಕ್ಕ ಕಾಲ ಇಡೂದೇನ್ರಿ? ಏನ ಮಾತು ಬಾಯಾರ!’

ಪಂಚೆಯ ಕೆಳಗೆ ಅವರ ಪಾದ ನೋಡಿದೆ. ಬೆರಳಿಂದ ಒತ್ತಿದೆ. ಕುಳಿ ಬಿತ್ತು, ಬಿದ್ದದ್ದು ಏಳಲಿಲ್ಲ. ನಾನು ಬೇಡಿದೆ, ಬೈದೆ, ಡಾಕ್ಟರಿಂದ ಫೋನು ಮಾಡಿಸಿದೆ. ಗುಳಿಗೆ ಹೆಚ್ಚಿಸಲು ಒಪ್ಪಿದರು, ಮಷೀನು ಹತ್ತಲು ಒಪ್ಪಲಿಲ್ಲ. ಹೊಸದನ್ನು ತಂದುಕೊಡುತ್ತೇನೆ ಎಂದರೆ ಅದಕ್ಕೆ ಕೈಗುಣ ಇಲ್ಲ. ಇದಕ್ಕೆ ಕೈಗುಣ ಇದೆ, ಆದ್ದರಿಂದ ಹತ್ತುವ ಹಾಗಿಲ್ಲ. ಇಂಥ ಬಿಸಿನೆಸ್ ಮಾಡೆಲ್ಲು ಮಾಡೆಲ್ ಸಾಹೇಬರಿಗೂ ಹೊಳೆದಿರಲಿಲ್ಲ.

ಮಾರನೆಯ ದಿನ ಹಂಸಭಾವಿಗೆ ಹೋಗಿ ಶಂಕ್ರವ್ವನಿಗೆ ಹೇಳಿದೆ. ಹೊಸ ಮಷೀನು ಆಕೆಗೆ ಇನ್ನೂ ಬಂದಿರಲಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಮಷೀನು ಹತ್ತಿದ ಕೊನೆಯ ದಿನದ ಅಂಕಿಯೇ ಉಳಿದು, ತೊಂದರೆಯಿಲ್ಲ ಎಂಬ ಬಣ್ಣದಲ್ಲಿ ಆಕೆ ಹಚ್ಚ ಹಸಿರಾಗಿದ್ದಳು. ಸಾವಕಾರರ ಪೂಜೆಯ ಕಥೆ ಕೇಳಿ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಸಿಟ್ಟಿಗೆದ್ದಳು.

‘ನನ್ನ ಮಷೀನಿಗೆ ವಿಭೂತಿ? ಗಾಡಿ ತರಸ್ರಿ. ನಾನಽ ಬರ್ತೇನಿ.’

ಜೀಪಿನಲ್ಲಿ ಹಾನಗಲ್ಲ ಮುಟ್ಟುವ ತನಕ ಸಾವಕಾರರಿಗೆ ಏನೇನು ಅನ್ನಬೇಕು ಎಂದು ಒಂದೊಂದಾಗಿ ಹೇಳಿ ನೋಡಿದಳು. ಮಧ್ಯೆ ಮಧ್ಯೆ ಉಸಿರಿಗಾಗಿ ನಿಲ್ಲುತ್ತಿದ್ದಳು. ಸಿಟ್ಟಿಗೆ ಹಾಗಾಗುತ್ತಿದೆ ಎಂದುಕೊಂಡೆ.

ಮಹಾಂತಪ್ಪನವರು ‘ಬಾರವಾ, ನಿನ್ನಿಂದ ಈ ಜೀವ’ ಎನ್ನುತ್ತ ಕೈಮುಗಿದು ಎದುರು ಬಂದರು. ಶಂಕ್ರವ್ವ ಅವರ ಪಕ್ಕದಿಂದ ಹಾದು ನೇರ ಜಗಲಿಗೆ ನಡೆದಳು. ದೇವರಿಗೆ ಕೈಮುಗಿದಳು, ಮಷೀನನ್ನು ಎತ್ತಿಕೊಂಡಳು, ಹೂ ತೆಗೆದು ದೇವರ ಮುಂದಿಟ್ಟಳು, ವಿಭೂತಿಯನ್ನು ಸೆರಗಿನಿಂದ ಒರೆಸಿ ಪಡಸಾಲೆಯ ನಡುವೆ ಕೆಳಗಿಟ್ಟಳು.

‘ಸಾವಕಾರ್ರ, ಕೇಳ್ರಿ ಇಲ್ಲೆ. ದಿನಾ ಇದರ ಮ್ಯಾಲೆ ಕಾಲ ಇಟ್ಟದ್ದಕ್ಕ ಉಳದೇನಿ ನಾನು. ಇದರ ಕಾಲಿಗೆ ಬಿದ್ದದ್ದಕ್ಕಲ್ಲ. ದೇವರ ಜಗಲಿ ಮ್ಯಾಲೆ ದೇವರ ಇರ್ಲಿ. ಇದು ನೆಲದ ಮ್ಯಾಲೆ ಇರೂದು. ನೋಡ್ರಿ ಹಿಂಗ!’

ಎಂದು ಹತ್ತಿ ನಿಂತಳು. ಎರಡೂ ಕಾಲು ಒತ್ತಿ, ಸೊಂಟದ ಮೇಲೆ ಕೈ ಇಟ್ಟು, ಮುಂದಿನ ಬೈಗುಳಕ್ಕೆ ಬಾಯಿ ತೆರೆದವಳು, ಅಭ್ಯಾಸದಂತೆ ಕೆಳಗೆ ನೋಡಿದಳು.

ಬೈಗುಳ ಬರಲಿಲ್ಲ.

‘ಬಾಯಾರ,’ ಎಂದಳು ಮೆಲ್ಲಗೆ. ‘ಇದು ನಂದಽ ಏನ್ರಿ?’

ನಾನು ಬಗ್ಗಿ ನೋಡಿದೆ. ಇಳಿಸಿ ಮತ್ತೆ ಹತ್ತಿಸಿದೆ. ಅಷ್ಟೇ ಬಂತು. ವರ್ಷಗಟ್ಟಲೆ ಜೋಪಾನ ಮಾಡಿದ ಅಂಕಿ ನಮ್ಮ ಪ್ರೊಸೀಜರ್ ನಡೆಯುತ್ತಿದ್ದ ದಿನಗಳಲ್ಲಿ ಎಲ್ಲಿಗೋ ಏರಿಬಿಟ್ಟಿತ್ತು. ಸಿಟ್ಟಿಗೆ ಬಂದದ್ದು ಎಂದುಕೊಂಡಿದ್ದ ಉಸಿರು ಸಿಟ್ಟಿನದಲ್ಲ. ಇಷ್ಟು ವರ್ಷದ ನರ್ಸು, ಜೀಪಿನಲ್ಲಿ ಪಕ್ಕದಲ್ಲೇ ಕೂತಿದ್ದೆ.

‘ಸಾವಕಾರ್ರ, ಗಾಡಿ ತಗೀರಿ’ ಎಂದು ಕೂಗಿದೆ. ಆ ದೊಡ್ಡ ಮನುಷ್ಯ ಬರಿಗಾಲಲ್ಲಿ ತಾವೇ ಓಡಿದರು. ಶಂಕ್ರವ್ವನನ್ನು ಎತ್ತಿ ಕೂರಿಸುವಾಗಲೂ ಆಕೆಯ ಬಾಯಿ ನಿಂತಿರಲಿಲ್ಲ. ‘ಮೊದಲ ನೀವು ಹತ್ತರಿ. ನೀವು ಹತ್ತೂ ತನಾ ನಾ ಹೋಗೂದಿಲ್ಲ.’

ಮಹಾಂತಪ್ಪನವರು ಒಳಗೆ ಹೋಗಿ, ಕಣ್ಣು ಮುಚ್ಚಿಕೊಂಡು, ಮಷೀನು ಹತ್ತಿದರು. ಆಸ್ಪತ್ರೆಯ ಚೀಟಿಯಲ್ಲಿದ್ದದ್ದಕ್ಕಿಂತ ಅವರದೂ ಏರಿತ್ತು. ಇಬ್ಬರನ್ನೂ ಒಂದೇ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಅಕ್ಕಪಕ್ಕದ ಮಂಚ ಸಿಗಲಿಲ್ಲ, ಸಿಕ್ಕಿದ್ದರೆ ಆಕೆಯ ಬೈಗುಳಕ್ಕೇ ಸಾವಕಾರರ ನೀರು ಇಳಿಯುತ್ತಿತ್ತು.

ಇಬ್ಬರೂ ಉಳಿದರು. ಶಂಕ್ರವ್ವನ ಮಷೀನು ಸಾವಕಾರರ ಗಾಡಿಯಲ್ಲೇ ಹಂಸಭಾವಿಗೆ ತಿರುಗಿ ಹೋಯಿತು. ಪೆಟ್ಟಿಗೆಯಲ್ಲಿ ಅಕ್ಕಿ ತುಂಬಿತ್ತು. ಸಾವಕಾರರು ಈಗ ಹೊಸ ಮಷೀನಿಗೆ ಒಪ್ಪಿದರು, ಒಂದೇ ಒಂದು ಕರಾರು ಹಾಕಿದರು.

‘ಮೊದಲ ಆ ಯವ್ವ ಅದರ ಮ್ಯಾಲೆ ನಿಂತು ಕೊಡಬೇಕು. ಕೈಗುಣ ಮಷೀನಿಂದಲ್ರಿ. ಆಕಿ ಕಾಲ್ಗುಣ.’

ನಾನು ಹಣೆ ಚಚ್ಚಿಕೊಂಡೆ. ಮೂಢನಂಬಿಕೆಯನ್ನು ಜಗಲಿಯಿಂದ ಇಳಿಸಿದರೆ ಪಡಸಾಲೆಗೆ ಬಂದು ಕೂತಿತ್ತು. ಆದರೆ ಈ ಸಲ ಅದು ಮಷೀನು ಹತ್ತುವ ಮೂಢನಂಬಿಕೆ. ಹೊಸ ಮಷೀನನ್ನು ಮೊದಲು ಹಂಸಭಾವಿಗೆ ಒಯ್ದೆ.

ಸುದ್ದಿ ಮತ್ತೆ ಹಬ್ಬಿತು. ಶಂಕ್ರವ್ವ ಹತ್ತಿ ಇಳಿದ ಮಷೀನಿಗೆ ಸೂತಕವೂ ಇಲ್ಲ ಎಂದು ಜನರೇ ತೀರ್ಮಾನ ಮಾಡಿದರು. ಹೊಸದೇ ಇರಲಿ, ಸತ್ತವರ ಮನೆಯದೇ ಇರಲಿ, ಕಚೇರಿಯ ಮೂಲೆಯಲ್ಲಿ ಬಿದ್ದಿದ್ದವೆಲ್ಲ ಜೀಪಿನಲ್ಲಿ ಹಂಸಭಾವಿಗೆ ಹೋಗಿ, ಆಕೆಯ ಕಾಲಡಿಗೆ ಬಂದು, ನಾಲ್ಕು ತಾಲ್ಲೂಕಿಗೆ ಹೊರಟವು. ಹಿಂದೆ ಕಟ್ಟೆಯ ಮೇಲೆ ಇಡಗೊಡದ ಆಡೂರಿನ ಹಿರಿಯರೂ ‘ಯವ್ವ ಹತ್ಯಾಳೇನು?’ ಎಂದು ಕೇಳಿ ಒಳಗೆ ಕರೆದುಕೊಂಡರು. ಇಷ್ಟು ಕೆಲಸ ಮಾಡುವವಳಿಂದ ಚಂದಾ ಕೇಳುವುದು ಹೇಗೆ? ಪುಗಸಟ್ಟೆ ತನಗೆ ಬೇಡ ಎಂದು ಆಕೆ ಹಟ ಹಿಡಿದಾಗ, ಮಷೀನು ಹತ್ತುವುದೇ ಕೂಲಿ, ಆ ಕೂಲಿಗೆ ಚಂದಾ ವಜಾ ಎಂದು ನಾನೇ ಇತ್ಯರ್ಥ ಮಾಡಿದೆ. ಮಹಾಂತಪ್ಪನವರು ತಮ್ಮದರ ಜೊತೆ ಇನ್ನೊಂದು ಬಡ ಮನೆಯ ಬಾಡಿಗೆಯನ್ನೂ ಕೊಡತೊಡಗಿದರು. ಮಠದ ದಾಸೋಹಕ್ಕೆ ಅಕ್ಕಿ ಚೀಲ ಕಳಿಸಿ ರೂಢಿ ಇದ್ದ ಮನೆ, ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವರನ್ನು ನೋಡಿ ಬೇರೆ ಸಾವಕಾರರೂ ಕೊಟ್ಟರು. ಒಬ್ಬ ಕೊಟ್ಟಮೇಲೆ ಇನ್ನೊಬ್ಬ ಹಿಂದೆ ಉಳಿದರೆ ಮರ್ಯಾದೆ ಏನಾದೀತು?

ಯೋಜನೆ ತನ್ನ ಕಾಲ ಮೇಲೆ ನಿಂತಿತು, ಶಂಕ್ರವ್ವನ ಕಾಲ ಮೇಲೆ ನಿಂತು. ಮಾಡೆಲ್ ಸಾಹೇಬರು ಇದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿಟ್ಟು, ಬಾಣ ವೃತ್ತ ಬರೆದು, ದೊಡ್ಡ ಹೋಟೆಲಿನಲ್ಲಿ ತೋರಿಸಿ ಒಂದು ಪ್ರಶಸ್ತಿ ಫಲಕ ತಂದರು. ಆ ಚಿತ್ರದಲ್ಲಿ ಶಂಕ್ರವ್ವ ‘ಗುಣಮಟ್ಟ ಪರೀಕ್ಷೆ’ ಎಂಬ ಚೌಕದೊಳಗೆ ಇದ್ದಳು. ಆಕೆಗೆ ತೋರಿಸಿದೆ. ‘ಇಷ್ಟ ಸಣ್ಣ ಮನ್ಯಾಗ ರೊಟ್ಟಿ ಎಲ್ಲಿ ಬಡೀಲಿ?’ ಎಂದು ಕೇಳಿದಳು.

ಆಮೇಲೂ ಬಹಳ ದಿನ ಬದುಕಿದಳು. ಮಷೀನು ಹತ್ತಿಯೂ ಎಲ್ಲರೂ ಒಂದು ದಿನ ಇಳಿಯಬೇಕಲ್ಲ. ಒಂದು ಬೆಳಗ್ಗೆ ಅಂಕಿ ಸರಿಯಾಗಿಯೇ ಬಂದಿತ್ತು, ಗುಂಡಿಗೆ ಬೇರೆ ದಾರಿಯಿಂದ ನಿಂತಿತು. ನೀಲವ್ವ ಫೋನು ಮಾಡಿದಾಗ ನಾನು ಬಸ್ಸಿನಲ್ಲಿದ್ದೆ, ಎಲ್ಲರೆದುರು ಅತ್ತುಬಿಟ್ಟೆ. ರೋಗಿಗಳಿಗಾಗಿ ನರ್ಸು ಅಳಬಾರದು ಎಂದು ನಿಮಗೂ ಕಲಿಸುತ್ತಾರೆ. ಕಲಿಸಲಿ ಬಿಡಿ.

ಸಂಜೆ ಮಾಡೆಲ್ ಸಾಹೇಬರ ಫೋನು. ಇಷ್ಟು ವರ್ಷದಲ್ಲಿ ಅವರೂ ನಮ್ಮೂರನ್ನು ಒಂದಿಷ್ಟು ಕಲಿತಿದ್ದರು.

‘ಸಿಸ್ಟರ್, ಆಕೆ ಹತ್ತಿದ ಮಷೀನೆಲ್ಲ ಈಗ ಸೂತಕ ಆದವಾ? ಎಲ್ಲ ವಾಪಸ್ ಬರ್ತಾವಾ?’

ನನಗೂ ಅದೇ ಭಯ. ನಾಲ್ಕು ತಾಲ್ಲೂಕಿನ ಮನೆಮನೆಯಲ್ಲಿದ್ದವು ಅವು. ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಪರದೆಯ ಮುಂದೆ ಕೂತೆ. ಸವಣೂರಿನಿಂದ ಖಾಜಾಸಾಬರ ತೂಕ ಬಂತು. ಶಿಗ್ಗಾಂವಿಯಿಂದ ಪಾರವ್ವನದು ಬಂತು, ಕೂಸಿಲ್ಲದೆ. ಹಾನಗಲ್ಲಿನಿಂದ ಮಹಾಂತಪ್ಪನವರದು ಬಂತು. ಆಡೂರಿನಿಂದ ಬಂತು. ಎಲ್ಲರೂ ಹತ್ತಿದ್ದರು. ಒಂದು ಮಷೀನೂ ವಾಪಸು ಬರಲಿಲ್ಲ.

ಬಂದದ್ದು ಒಂದೇ, ಆಕೆಯದು. ನೀಲವ್ವ ತಾನೇ ಪೆಟ್ಟಿಗೆಯ ಸಮೇತ ತಂದು ಕಚೇರಿಯಲ್ಲಿಟ್ಟು ಹೋದಳು. ಅದು ಯಾವ ಲೆಕ್ಕಕ್ಕೆ ಬರಬೇಕೋ ತಿಳಿಯದೆ ಮೇಲಿನವರು ಅದನ್ನು ಎತ್ತಿಟ್ಟಿದ್ದರು, ಕೊನೆಗೆ ನನ್ನ ಬೀಳ್ಕೊಡುಗೆಯ ದಿನ ಖರ್ಚಿಲ್ಲದ ಉಡುಗೊರೆ ಎಂದು ನನಗೇ ಕೊಟ್ಟರು. ಮನೆಗೆ ತಂದು, ಅಲ್ಲಿಯವರೆಗೆ ಯಾರೂ ತೆರೆಯದಿದ್ದ ಅದರ ಪೆಟ್ಟಿಗೆ ತೆರೆದೆ. ಖಾಲಿ ಇರಲಿಲ್ಲ. ಕಟಕ ರೊಟ್ಟಿ ಇದ್ದವು, ಇಷ್ಟು ದಿನವಾದರೂ ಗರಿಗರಿ. ಜೊತೆಗೆ ಸಣ್ಣ ಗಂಟಿನಲ್ಲಿ ಶೇಂಗಾ ಚಟ್ನಿ. ಮುರಿದು ಬಾಯಿಗೆ ಹಾಕಿಕೊಂಡೆ.

ಚಟ್ನಿಗೆ ಉಪ್ಪಿರಲಿಲ್ಲ.